ಮಗು ಬೆಳೆದಂತೆ ಬದಲಾಗುವ ಕಾರ್ ಸೀಟು: ಒಂದೇ ಸಾಕೇ, ಎರಡು ಬೇಕೇ?

ಪೆಟ್ಟಿಗೆಯ ಮೇಲೆ ‘0–36 ಕೆಜಿ’ ಎಂದು ಬರೆದಿದ್ದರೆ ಯಾರಿಗಾದರೂ ಆಸೆಯಾಗುತ್ತದೆ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬರುವ ದಿನದಿಂದ ಹೈಸ್ಕೂಲಿನ ಹೊಸ್ತಿಲವರೆಗೆ ಒಂದೇ ಸೀಟು, ಒಂದೇ ಖರ್ಚು. ಆದರೆ ಆ ಸೀಟು ಮಾಡಬೇಕಾದ ಕೆಲಸ ಒಂದಲ್ಲ, ಮೂರು. ಕತ್ತು ನಿಲ್ಲದ ಎಳೆಗೂಸನ್ನು ಓರೆಯಾಗಿ ಮಲಗಿಸಿ, ಕಾರಿನ ಹಿಂಭಾಗಕ್ಕೆ ಮುಖ ಮಾಡಿಸಿ ಹಿಡಿಯಬೇಕು. ಓಡಾಡುವ ಮಗುವನ್ನು ಐದು ಪಟ್ಟಿಯ ಹಾರ್ನೆಸ್‌ನಲ್ಲಿ ಬಿಗಿಯಾಗಿ ಕೂರಿಸಬೇಕು. ಶಾಲೆಗೆ ಹೋಗುವ ಮಗುವನ್ನು ಎತ್ತರಿಸಿ, ಕಾರಿನ ಬೆಲ್ಟು ಸರಿಯಾಗಿ ಸೊಂಟದ ಮೂಳೆ ಮತ್ತು ಭುಜದ ಮೇಲೆ ಹಾಯುವಂತೆ ಮಾಡಬೇಕು. ಮೂರನ್ನೂ ಚೆನ್ನಾಗಿ ಮಾಡುವ ಸೀಟುಗಳು ಇವೆ, ಆದರೆ ಕಡಿಮೆ. ಹಾಗಾಗಿ ಬೆಳೆಯುವ ಸೀಟನ್ನು ಅದರ ಅತ್ಯುತ್ತಮ ಹಂತದಿಂದ ಅಳೆಯಬೇಡಿ. ಅದರ ಅತಿ ದುರ್ಬಲ ಹಂತ ಯಾವುದು, ಆ ಹಂತದಲ್ಲಿ ನಿಮ್ಮ ಮಗು ಎಷ್ಟು ವರ್ಷ ಕಳೆಯುತ್ತದೆ ಎಂದು ನೋಡಿ.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ಓಡಿಸಿದರೆ 1,000 ರೂಪಾಯಿ ದಂಡ. ‘ಬೆಲ್ಟು ಅಥವಾ’ ಎಂದಿರುವುದರಿಂದ ಮೂರು ವರ್ಷದ ಮಗುವಿಗೆ ದೊಡ್ಡವರ ಬೆಲ್ಟು ಹಾಕಿದರೂ ದಂಡ ತಪ್ಪುತ್ತದೆ. ದಂಡ ಮಾತ್ರ ತಪ್ಪುತ್ತದೆ, ಅಪಾಯ ಹಾಗೇ ಇರುತ್ತದೆ. ಆ ಬೆಲ್ಟು ದೊಡ್ಡವರ ಮೈಯಳತೆಗೆ ಮಾಡಿದ್ದು. ಚಿಕ್ಕ ಮಗುವಿನಲ್ಲಿ ಕೆಳಗಿನ ಪಟ್ಟಿ ಸೊಂಟದ ಮೂಳೆ ಬಿಟ್ಟು ಹೊಟ್ಟೆಗೆ ಏರುತ್ತದೆ, ಮೇಲಿನದು ಕತ್ತಿಗೆ ಉಜ್ಜುತ್ತದೆ. ಮಡಿಲಂತೂ ಲೆಕ್ಕಕ್ಕೇ ಇಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ 10 ಕೆಜಿ ಮಗುವನ್ನು ಹಿಡಿದಿಡಲು ಸರಾಸರಿ 140 ಕೆಜಿ ಎಳೆತ ಬೇಕು. ಅಷ್ಟನ್ನು ತಡೆಯುವ ತೋಳು ಯಾರಿಗೂ ಇಲ್ಲ. ದ್ವಿಚಕ್ರ ವಾಹನಕ್ಕೆಂದು ಮಾರುವ, ಸವಾರನ ಬೆನ್ನಿಗೆ ಮಗುವನ್ನು ಕಟ್ಟುವ ಪಟ್ಟಿ ಕಾರಿನೊಳಗೆ ಯಾವ ಕೆಲಸಕ್ಕೂ ಬರುವುದಿಲ್ಲ.

ಮೊದಲು ನೋಡಬೇಕಾದ ಸಂಖ್ಯೆ

ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಬಿಡಿ. ಕೈಪಿಡಿ ತೆರೆದು ‘ಹಿಮ್ಮುಖವಾಗಿ ಎಷ್ಟು ಕೆಜಿವರೆಗೆ’ ಎಂಬುದನ್ನು ಹುಡುಕಿ. ‘0–25 ಕೆಜಿ’ ಎಂದು ಮಾರುವ ಸೀಟು ಹಿಮ್ಮುಖವಾಗಿ 13 ಕೆಜಿಗೆ, ಕೆಲವು 10 ಕೆಜಿಗೇ ನಿಲ್ಲುತ್ತವೆ. 18 ಕೆಜಿವರೆಗೆ ಹಿಮ್ಮುಖವಾಗಿ ಕೂರಿಸಬಹುದಾದ ಸೀಟುಗಳೂ ಇವೆ. ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದು, ಮಗುವಿನ ಆಯುಷ್ಯದಲ್ಲಿ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಮಧ್ಯದ ಗೆರೆಯಲ್ಲಿರುವ ಗಂಡು ಮಗು 9 ಕೆಜಿಯನ್ನು ಒಂಬತ್ತು ತಿಂಗಳ ಸುಮಾರಿಗೆ, 13 ಕೆಜಿಯನ್ನು ಎರಡೂವರೆ ವರ್ಷದ ಹತ್ತಿರ, 18 ಕೆಜಿಯನ್ನು ಐದರ ಹತ್ತಿರ ಮುಟ್ಟುತ್ತದೆ. ನಮ್ಮಲ್ಲಿ ಬಹಳ ಮಕ್ಕಳು ಈ ಗೆರೆಗಿಂತ ಕೆಳಗಿರುತ್ತಾರೆ, ಅಂದರೆ ಅದೇ ಸೀಟು ಇನ್ನೂ ಹೆಚ್ಚು ಕಾಲ ಬರುತ್ತದೆ. ಲೆಕ್ಕ ಹಾಕಲು ನಿಮ್ಮ ಮಗುವಿನ ತಾಯಿ ಕಾರ್ಡಿನಲ್ಲಿ ಬರೆದಿರುವ ತೂಕವನ್ನೇ ಬಳಸಿ, ವಯಸ್ಸನ್ನಲ್ಲ.

ಹಿಮ್ಮುಖ ಏಕೆ ಇಷ್ಟು ಮುಖ್ಯ? ಎಳೆ ಮಗುವಿನ ತಲೆ ಮೈಯ ಉದ್ದದ ಕಾಲು ಭಾಗದಷ್ಟು ಇರುತ್ತದೆ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂತಿದ್ದಾಗ ಡಿಕ್ಕಿಯಾದರೆ ಹಾರ್ನೆಸ್ ಎದೆಯನ್ನು ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಎಸೆಯಲ್ಪಟ್ಟು ಭಾರವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಹಿಮ್ಮುಖವಾಗಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಬೆನ್ನೇ ಒಟ್ಟಿಗೆ ಆತುಕೊಳ್ಳುತ್ತದೆ. ‘ಕಾಲು ಮಡಚಿಕೊಂಡಿದೆ, ಪಾಪ, ತಿರುಗಿಸಿ’ ಎಂದು ಮನೆಯ ಹಿರಿಯರು ಹೇಳುವುದು ಇದ್ದೇ ಇರುತ್ತದೆ. ಮಕ್ಕಳು ಚಕ್ಕಳಮಕ್ಕಳ ಹಾಕಿ ಆರಾಮವಾಗಿ ಕೂರುತ್ತಾರೆ. ಕಾಲು ಸೀಟಿಗೆ ತಾಗುವುದು ತಿರುಗಿಸಬೇಕಾದ ಗುರುತಲ್ಲ. ತೂಕದ ಮಿತಿ ದಾಟಿದಾಗ ಅಥವಾ ನೆತ್ತಿ ಸೀಟಿನ ಮೇಲಂಚಿಗೆ ಬಂದಾಗ ತಿರುಗಿಸಿ. ಬಹಳ ಸಲ ತೂಕಕ್ಕಿಂತ ಮೊದಲು ಎತ್ತರವೇ ಮುಗಿಯುತ್ತದೆ. ಆದ್ದರಿಂದ ಕೊಳ್ಳುವಾಗ ಸೀಟಿನ ತಳದಿಂದ ಮೇಲಂಚಿನವರೆಗಿನ ಎತ್ತರವನ್ನು ಟೇಪಿನಲ್ಲಿ ಅಳೆದು ಇನ್ನೊಂದರ ಜೊತೆ ಹೋಲಿಸಿ.

ಬಗೆಗಳು, ಒಂದರ ಪಕ್ಕ ಒಂದು

ಕೈಹಿಡಿಯಿರುವ ಶಿಶು ಸೀಟು, 0–13 ಕೆಜಿ. ಎತ್ತಿಕೊಂಡು ಹೋಗಬಹುದು, ಒಂದು ಕಾರಿನಿಂದ ಇನ್ನೊಂದಕ್ಕೆ ಬೇಗ ದಾಟಿಸಬಹುದು. ಹುಟ್ಟಿದಾಗ ಎರಡೂವರೆ–ಮೂರು ಕೆಜಿ ಇರುವ ಮಗುವಿಗೆ ಇದರಷ್ಟು ಚೆನ್ನಾಗಿ ಹೊಂದುವ ಸೀಟು ಬೇರೆ ಇಲ್ಲ. ಒಂದು ವರ್ಷದ ಆಸುಪಾಸಿನಲ್ಲಿ ಮಗು ಇದರಲ್ಲಿ ಹಿಡಿಯುವುದಿಲ್ಲ ಎಂಬುದೇ ಇದರ ಕೊರತೆ. ತವರುಮನೆ ಕಾರು, ಅತ್ತೆಮನೆ ಕಾರು ಎಂದು ಮೊದಲ ಆರು ತಿಂಗಳು ಓಡಾಟ ಇರುವವರಿಗೆ ಇದು ಯೋಗ್ಯ. ಒಂದೇ ಕಾರು, ಅಪರೂಪದ ಪ್ರಯಾಣ ಎನ್ನುವವರು ಬಿಡಬಹುದು. ಮನೆಯೊಳಗೆ ಇದನ್ನೇ ತೊಟ್ಟಿಲು ಮಾಡಿಕೊಂಡು ಮಗುವನ್ನು ಗಂಟೆಗಟ್ಟಲೆ ಮಲಗಿಸಬೇಡಿ. ಗಲ್ಲ ಎದೆಗೆ ಬಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ಕಾರಿನಲ್ಲೂ ಎರಡು ಗಂಟೆಗೊಮ್ಮೆ ಎತ್ತಿಕೊಂಡು ಮೈ ಸಡಿಲಿಸಿ.

ಕನ್ವರ್ಟಿಬಲ್, 0–18 ಕೆಜಿ. ಮೊದಲು ಹಿಮ್ಮುಖ, ಆಮೇಲೆ ಮುಮ್ಮುಖ, ಎರಡೂ ಹಾರ್ನೆಸ್‌ನಲ್ಲೇ. ಸುಮಾರು ನಾಲ್ಕು–ಐದು ವರ್ಷದವರೆಗೆ ಬರುತ್ತದೆ. ಹಿಮ್ಮುಖ ಮಿತಿ 18 ಕೆಜಿ ಇರುವಂಥದ್ದು ಸಿಕ್ಕರೆ ಹೆಚ್ಚಿನ ಮನೆಗಳಿಗೆ ಇದೇ ಸರಿಯಾದ ಮೊದಲ ಸೀಟು. ಆಮೇಲೆ ಬೆನ್ನಿರುವ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕಾರಿನ ಬೆಲ್ಟಿಗೆ ಹೊಂದಿಸುವ ಸೀಟು, ಕೊಂಡರಾಯಿತು. ಎರಡು ಸೀಟಿನ ಒಟ್ಟು ಬೆಲೆ ಒಂದು ಒಳ್ಳೆಯ 0–36ಕ್ಕಿಂತ ತೀರಾ ಹೆಚ್ಚೇನೂ ಆಗುವುದಿಲ್ಲ, ಮತ್ತು ಎರಡನೆಯ ಖರ್ಚು ಬರುವುದು ನಾಲ್ಕೈದು ವರ್ಷದ ನಂತರ.

ಎಲ್ಲ ಹಂತದ ಸೀಟು, 0–36 ಕೆಜಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಮೊದಲ ಸಮಸ್ಯೆ ಶಿಶುವಿನದು. ಹತ್ತು ವರ್ಷದ ಮಗು ಹಿಡಿಸಬೇಕಾದ ಅಗಲದ ಸೀಟಿನಲ್ಲಿ ಮೂರು ಕೆಜಿ ಕೂಸು ಪಕ್ಕಕ್ಕೆ ವಾಲುತ್ತದೆ. ಜೊತೆಗೆ ಕೊಟ್ಟಿರುವ ದಿಂಬು ತೆಳುವಾಗಿದ್ದರೆ ಇನ್ನೂ ಕಷ್ಟ. ಹಾರ್ನೆಸ್‌ನ ಅತಿ ಕೆಳಗಿನ ಸ್ಥಾನ ಕೂಸಿನ ಭುಜಕ್ಕಿಂತ ಮೇಲಿದ್ದರೆ ಆ ಸೀಟು ಹುಟ್ಟಿದ ಮಗುವಿಗೆ ಆಗಿಬರುವುದಿಲ್ಲ, ಪೆಟ್ಟಿಗೆ ಏನೇ ಹೇಳಲಿ. ಎರಡನೆಯದು ಬೂಸ್ಟರ್ ಹಂತ. ತಲೆದಿಂಬನ್ನು ಪೂರ್ತಿ ಮೇಲೆತ್ತಿ ನೋಡಿ. ಏಳೆಂಟು ವರ್ಷದ ಮಗುವಿನ ಭುಜಕ್ಕೆ ಬೆಲ್ಟಿನ ಕೊಂಡಿ ಎಟುಕದಿದ್ದರೆ ‘36’ ಎನ್ನುವುದು ಹೆಸರಿಗಷ್ಟೇ. ಮೂರನೆಯದು ಆಯಸ್ಸು. ತಯಾರಕರು ಸೀಟಿನ ಮೇಲೆ ಬಳಕೆಯ ಅವಧಿ ಅಚ್ಚು ಹಾಕಿರುತ್ತಾರೆ ಅಥವಾ ಕೈಪಿಡಿಯಲ್ಲಿ ಹೇಳಿರುತ್ತಾರೆ. ಅದು ಎಂಟು ವರ್ಷವಾದರೆ ಹನ್ನೆರಡು ವರ್ಷ ಬಳಸುವ ಲೆಕ್ಕವೇ ತಪ್ಪು. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಹತ್ತು ಬೇಸಿಗೆ ಕಳೆದ ಪ್ಲಾಸ್ಟಿಕ್ಕಿನಿಂದ ಹೊಸದರ ಗಟ್ಟಿತನ ನಿರೀಕ್ಷಿಸಲಾಗದು. ಇಷ್ಟಾದರೂ ಹಿಮ್ಮುಖ ಮಿತಿ 18 ಕೆಜಿ, ಕೆಳಗಿನ ಹಾರ್ನೆಸ್ ಸ್ಥಾನ ನಿಜಕ್ಕೂ ಕೆಳಗೆ, ತಲೆದಿಂಬು ನಿಜಕ್ಕೂ ಮೇಲೆ, ಅವಧಿ ಹತ್ತು ವರ್ಷ ಅಂತ ಎಲ್ಲವೂ ಕೂಡಿಬಂದರೆ, ಒಂದೇ ಕಾರಿನ ಮನೆಗೆ ಇದು ಒಳ್ಳೆಯ ಕೊಳ್ಳುವಿಕೆ. ಎರಡನೇ ಮಗುವಿನ ಯೋಚನೆ ಇದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ. ದೊಡ್ಡದು ಬೂಸ್ಟರ್ ಹಂತದಲ್ಲಿ ಅದನ್ನೇ ಹಿಡಿದುಕೊಂಡಿರುವಾಗ ಚಿಕ್ಕದಕ್ಕೆ ಹೇಗೂ ಬೇರೆ ಸೀಟು ಬೇಕಾಗುತ್ತದೆ. ಎರಡು ಬೇರೆ ಸೀಟು ಇದ್ದಿದ್ದರೆ ಹಳೆಯ ಕನ್ವರ್ಟಿಬಲ್ ತಮ್ಮನಿಗೋ ತಂಗಿಗೋ ಬರುತ್ತಿತ್ತು.

9–36 ಕೆಜಿ ಸೀಟಿನಲ್ಲಿ ಹಿಮ್ಮುಖವೇ ಇಲ್ಲ. ಒಂಬತ್ತು ಕೆಜಿ ತುಂಬಿದ ತಕ್ಷಣ ಕೂರಿಸಬಹುದು ಎಂದು ಅಂಗಡಿಯವರು ಹೇಳುತ್ತಾರೆ. ಅದು ಆರ್44 ಎಂಬ, ತೂಕದ ಮೇಲೆ ನಡೆಯುವ ಹಳೆಯ ನಿಯಮದ ಮಾತು. ಅದರಂತೆ ಹೋದರೆ ಒಂಬತ್ತು–ಹತ್ತು ತಿಂಗಳಿಗೇ ಮಗು ಮುಮ್ಮುಖವಾಗುತ್ತದೆ. ಈ ಸೀಟನ್ನು ಹಿಮ್ಮುಖ ಮುಗಿಸಿದ ಮಗುವಿಗಷ್ಟೇ ಕೊಳ್ಳಿ.

ಕಾರು ಒಪ್ಪಬೇಕು

ಸೀಟು ಆರಿಸುವ ಮೊದಲು ಕಾರಿನ ಹಿಂದಿನ ಸೀಟಿನಲ್ಲಿ, ಬೆನ್ನು ಮತ್ತು ತಳ ಸೇರುವ ಸಂದಿಗೆ ಬೆರಳು ಹಾಕಿ ತಡವಿ. 28 ಸೆಂ.ಮೀ. ಅಂತರದಲ್ಲಿ ಎರಡು ಸಣ್ಣ ಕಬ್ಬಿಣದ ಸರಳು ಸಿಕ್ಕರೆ ಅದು ಐಸೋಫಿಕ್ಸ್, ಅಂದರೆ ಮಕ್ಕಳ ಸೀಟನ್ನು ಬೆಲ್ಟಿನ ಬದಲು ನೇರ ಕಾರಿಗೇ ಸಿಕ್ಕಿಸುವ ವ್ಯವಸ್ಥೆ. ಸಾಮಾನ್ಯವಾಗಿ ಕಿಟಕಿ ಪಕ್ಕದ ಎರಡು ಜಾಗದಲ್ಲಿ ಮಾತ್ರ ಇರುತ್ತದೆ, ನಡುವೆ ಇರುವುದಿಲ್ಲ. ಐಸೋಫಿಕ್ಸ್ ಸೀಟಿಗೆ ಮೂರನೆಯ ಆಧಾರವೂ ಬೇಕು: ಒಂದೋ ಹಿಂದಿನಿಂದ ಎಳೆದು ಕಟ್ಟುವ ಟಾಪ್ ಟೆದರ್ ಪಟ್ಟಿ, ಇಲ್ಲವೇ ನೆಲಕ್ಕೆ ಊರುವ ಸಪೋರ್ಟ್ ಲೆಗ್. ಟೆದರ್ ಕೊಂಡಿ ಸಾಮಾನ್ಯವಾಗಿ ಹಿಂದಿನ ಸೀಟಿನ ಬೆನ್ನ ಹಿಂದೆ ಇರುತ್ತದೆ. ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಕೊಕ್ಕೆಯನ್ನು ಅದೆಂದು ತಿಳಿಯಬೇಡಿ. ಕಾಲೂರುವ ಜಾಗದಲ್ಲಿ ನೆಲದಡಿ ಪೆಟ್ಟಿಗೆ ಇದ್ದರೆ ಸಪೋರ್ಟ್ ಲೆಗ್ ಇಡಬಾರದು, ಕಾರಿನ ಕೈಪಿಡಿ ಒಪ್ಪಿದ್ದರೆ ಹೊರತು.

ಐಸೋಫಿಕ್ಸ್‌ಗೆ ಒಂದು ಭಾರದ ಲೆಕ್ಕ ಇದೆ. ಮಕ್ಕಳ ಸೀಟುಗಳ ಹೊಸ ಅಂತರರಾಷ್ಟ್ರೀಯ ನಿಯಮವಾದ ಆರ್129ರಲ್ಲಿ ಹಾರ್ನೆಸ್ ಸೀಟು ಮತ್ತು ಮಗು ಸೇರಿ 33 ಕೆಜಿ ಮೀರಬಾರದು. ಸುತ್ತ ತಿರುಗುವ ಬಗೆಯ ಸೀಟು 15 ಕೆಜಿ ತೂಗಿದರೆ ಮಗುವಿಗೆ ಉಳಿಯುವುದು 18. ತಿರುಗುವ ಸೀಟು ಬಾಗಿಲ ಕಡೆಗೆ ಮುಖ ಮಾಡಿಸಿ ಮಗುವನ್ನು ಕೂರಿಸಲು ಬಲು ಅನುಕೂಲ, ಬೆನ್ನುನೋವಿನ ಅಜ್ಜಿಗಂತೂ ವರವೇ. ಆದರೆ ಅದರ ತಳ ದಪ್ಪ. ಸಣ್ಣ ಹ್ಯಾಚ್‌ಬ್ಯಾಕ್‌ನಲ್ಲಿ ಹಿಮ್ಮುಖವಾಗಿ ಇಟ್ಟರೆ ಮುಂದಿನ ಸೀಟನ್ನು ಡ್ಯಾಶ್‌ಬೋರ್ಡಿನ ತನಕ ತಳ್ಳಬೇಕಾಗಬಹುದು. ಕೊಳ್ಳುವ ಮೊದಲು ಅಂಗಡಿಯವರಿಂದ ನಿಮ್ಮ ಕಾರಿನಲ್ಲೇ ಇಡಿಸಿ ನೋಡಿ. ಆನ್‌ಲೈನ್ ಆದರೆ ವಾಪಸಾತಿಯ ಅವಧಿಯೊಳಗೆ, ಪೆಟ್ಟಿಗೆ ಹರಿಯುವ ಮೊದಲು ಅಳತೆ ನೋಡಿಕೊಳ್ಳಿ.

ನಮ್ಮ ಕಾರುಗಳ ಇನ್ನೊಂದು ವಿಶೇಷ ರೆಕ್ಸಿನ್ ಕವರ್. ಹೊಸ ಕಾರು ಬಂದ ವಾರದಲ್ಲೇ ಹೊಲಿಸಿದ ದಪ್ಪ ಕವರು ಐಸೋಫಿಕ್ಸ್ ಸಂದಿಯನ್ನು ಮುಚ್ಚಿರುತ್ತದೆ, ಬಕಲ್‌ಗಳನ್ನು ಒಳಗೆ ನುಂಗಿರುತ್ತದೆ, ಮೇಲಾಗಿ ಜಾರುತ್ತದೆ. ಮಗುವಿನ ಸೀಟಿರುವ ಜಾಗದಲ್ಲಿ ಕವರು ತೆಗೆಯುವುದು ಉತ್ತಮ. ಆಗದಿದ್ದರೆ ಸಂದಿಯ ಬಳಿ ಸರಿಯಾಗಿ ಸೀಳಿಸಿ ಅಂಚು ಹೊಲಿಸಿ. ಬೆಲ್ಟಿನ ಸದ್ದು ನಿಲ್ಲಿಸಲು ಬಕಲ್‌ಗೆ ತುರುಕಿದ ಸುಳ್ಳು ಕ್ಲಿಪ್ಪುಗಳಿದ್ದರೆ ಇವತ್ತೇ ಎಸೆಯಿರಿ.

ಐಸೋಫಿಕ್ಸ್ ಇಲ್ಲದಿದ್ದರೆ ನಿರಾಶೆ ಬೇಡ. ಮೂರು ಬಿಂದುವಿನ ಬೆಲ್ಟಿನಿಂದ ಸರಿಯಾಗಿ ಬಿಗಿದ ಸೀಟು ಒಳ್ಳೆಯ ಸೀಟೇ. ಐಸೋಫಿಕ್ಸ್‌ನ ದೊಡ್ಡ ಲಾಭ ತಪ್ಪು ಮಾಡುವುದು ಕಷ್ಟ ಎಂಬುದು: ಸೀಟಿನ ಕೊಂಡಿಯ ಮೇಲಿನ ಪುಟ್ಟ ಗುರುತಿನ ಕಿಂಡಿಯಲ್ಲಿ ಕೆಂಪು ಹೋಗಿ ಹಸಿರು ಬಂದರೆ ಸಿಕ್ಕಿಕೊಂಡಿದೆ ಎಂದರ್ಥ. ಬೆಲ್ಟಿನಲ್ಲಿ ಆ ಎಚ್ಚರ ನಿಮ್ಮದು. ನೀಲಿ ಗುರುತಿನ ದಾರಿ ಹಿಮ್ಮುಖಕ್ಕೆ, ಕೆಂಪು ಮುಮ್ಮುಖಕ್ಕೆ. ಅದಲುಬದಲಾದರೆ ಸೀಟು ಹಿಡಿತಕ್ಕೆ ಸಿಗುವುದಿಲ್ಲ. ಬೆಲ್ಟನ್ನು ತಿರುಚದೆ ದಾರಿಯಲ್ಲಿ ಹಾಯಿಸಿ ಬಕಲ್ ಹಾಕಿ. ಮುಮ್ಮುಖ ಸೀಟಾದರೆ ಒಂದು ಮೊಣಕಾಲನ್ನು ಅದರ ಮೇಲೆ ಊರಿ ಮೈಭಾರ ಬಿಡಿ, ಹಿಮ್ಮುಖವಾದರೆ ಒಂದು ಕೈಯಲ್ಲಿ ಬಲವಾಗಿ ಒತ್ತಿ. ಮೊದಲು ಸೊಂಟದ ಪಟ್ಟಿಯ ಸಡಿಲು ತೆಗೆದು, ಆಮೇಲೆ ಭುಜದ ಪಟ್ಟಿ ಎಳೆದು, ಸೀಟಿನಲ್ಲಿರುವ ಲಾಕ್ ಮುಚ್ಚಿ. ಈಗ ಬೆಲ್ಟು ಹಾಯುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ, 2.5 ಸೆಂ.ಮೀ.ಗಿಂತ ಹೆಚ್ಚು ಕದಲಬಾರದು. ಹಿಮ್ಮುಖ ಸೀಟಿನ ಮೇಲ್ತುದಿ ಸ್ವಲ್ಪ ಅಲುಗುವುದು ಸಹಜ.

ಎಷ್ಟು ಎಳೆದರೂ ಸಡಿಲವಾಗುತ್ತಲೇ ಇದ್ದರೆ ಬಕಲ್ ನೋಡಿ. ಕಾರಿನ ಬಕಲ್‌ನ ಕಾಂಡ ಉದ್ದವಾಗಿದ್ದು ಅದರ ತಲೆ ಮಕ್ಕಳ ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಮಡಚಿ ಕೂತಿದ್ದರೆ ಆ ಜೋಡಿ ಹೊಂದುವುದಿಲ್ಲ. ಡಿಕ್ಕಿಯಲ್ಲಿ ಬಕಲ್ ಅಲ್ಲೇ ಮುರಿಯಬಹುದು. ಬೇರೆ ಜಾಗ ಅಥವಾ ಬೇರೆ ಸೀಟು ಮಾತ್ರ ಪರಿಹಾರ. ಸಣ್ಣ ಕಾರುಗಳಲ್ಲಿ ಇನ್ನೊಂದು ತೊಂದರೆ: ಹಿಮ್ಮುಖ ಸೀಟಿನ ಬೆನ್ನು ಸುತ್ತಿ ಬರಲು ಬೆಲ್ಟಿನ ಉದ್ದವೇ ಸಾಲದು.

ಜಾಗ ಯಾವುದು? ಹಿಂದಿನ ಸೀಟಿನ ಎಡಬದಿ. ನಮ್ಮಲ್ಲಿ ಎಡಕ್ಕೆ ಫುಟ್‌ಪಾತು. ಮಗುವನ್ನು ಇಳಿಸುವಾಗ ನಿಮ್ಮ ಬೆನ್ನ ಹಿಂದೆ ಬಸ್ಸು ಹಾಯುವುದಿಲ್ಲ. ನಡುವಿನ ಜಾಗದಲ್ಲಿ ಸೊಂಟದ ಪಟ್ಟಿ ಮಾತ್ರ ಇದ್ದರೆ ಅಲ್ಲಿ ಈ ಸೀಟುಗಳನ್ನು ಕಟ್ಟಬೇಡಿ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಎಂದಿಗೂ ಬೇಡ. ಅದು ಬಿಚ್ಚಿಕೊಳ್ಳುವ ಹೊಡೆತ ನೇರ ಮಗುವಿನ ತಲೆಯ ಹಿಂದೆ ಬೀಳುತ್ತದೆ.

ಲೇಬಲ್ಲು ಓದುವುದು

ಆನ್‌ಲೈನ್ ಪುಟದಲ್ಲಿ ‘ಯುರೋಪಿಯನ್ ಸರ್ಟಿಫೈಡ್’ ಎಂಬ ಮಾತಿಗೆ ಬೆಲೆ ಇಲ್ಲ. ಸೀಟಿನ ಮೈಗೇ ಅಂಟಿದ ಕಿತ್ತಳೆ ಬಣ್ಣದ ಲೇಬಲ್ ಬೇಕು: ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ, ಕೆಳಗೆ ಒಪ್ಪಿಗೆಯ ಸಂಖ್ಯೆ. 1 ಜರ್ಮನಿ, 4 ನೆದರ್ಲೆಂಡ್ಸ್, 11 ಬ್ರಿಟನ್. ಆರ್44/04 ಸೀಟಿನ ಒಪ್ಪಿಗೆ ಸಂಖ್ಯೆ 04ರಿಂದ ಶುರುವಾಗುತ್ತದೆ. ಭಾರತದ ಸ್ವಂತ ಮಾನದಂಡ ಎಐಎಸ್-072. ಆರ್44 ತೂಕದ ಮೇಲೆ ನಡೆಯುವ ಹಳೆಯ ನಿಯಮ, ಅದರಲ್ಲಿ ಪಕ್ಕದಿಂದ ಬೀಳುವ ಡಿಕ್ಕಿಯ ಪರೀಕ್ಷೆಯೇ ಇಲ್ಲ. 2013ರಲ್ಲಿ ಬಂದ ಆರ್129 ಎತ್ತರದ ಮೇಲೆ ನಡೆಯುತ್ತದೆ, ಪಕ್ಕದ ಡಿಕ್ಕಿಯನ್ನು ಪರೀಕ್ಷಿಸುತ್ತದೆ, 15 ತಿಂಗಳೊಳಗೆ ಮುಮ್ಮುಖ ಬೇಡವೆನ್ನುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2024ರ ಸೆಪ್ಟೆಂಬರ್‌ನಿಂದ ಹೊಸ ಆರ್44 ಸೀಟುಗಳ ಮಾರಾಟವೇ ನಿಂತಿದೆ. ಬೆಲೆ ಹೊಂದಿದರೆ ಆರ್129 ಆರಿಸಿ. ಒಳ್ಳೆಯ ಆರ್44 ಸೀಟು ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಬಿಸಾಡುವ ಅಗತ್ಯವಿಲ್ಲ.

ಅಮೆರಿಕದಲ್ಲಿರುವ ಅಕ್ಕನೋ ಅಣ್ಣನೋ ಊರಿಗೆ ಬರುವಾಗ ಅಲ್ಲಿನ ಸೀಟು ತಂದುಕೊಡುವುದು ಇದೆ. ಅದು ಬೇರೆ ನಿಯಮಕ್ಕೆ ಮಾಡಿದ ಸೀಟು. ಅಲ್ಲಿನ ಕಾರುಗಳಲ್ಲಿ ಬೆಲ್ಟನ್ನು ಪೂರ್ತಿ ಎಳೆದುಬಿಟ್ಟರೆ ಟಕಟಕ ಎಂದು ಬಿಗಿದು ನಿಲ್ಲುವ ವ್ಯವಸ್ಥೆ ಇರುತ್ತದೆ. ನಮ್ಮ ಕಾರಿನ ಬೆಲ್ಟು ಸಾಮಾನ್ಯವಾಗಿ ಜೋರಾಗಿ ಎಳೆದಾಗ ಮಾತ್ರ ಹಿಡಿಯುವಂಥದ್ದು. ಆ ಸೀಟಿನಲ್ಲಿ ತನ್ನದೇ ಲಾಕ್ ಇಲ್ಲದಿದ್ದರೆ ಇಲ್ಲಿ ಅದು ಓಲಾಡುತ್ತಲೇ ಇರುತ್ತದೆ. ತರಿಸುವ ಮೊದಲು ಇದೊಂದನ್ನು ಫೋನಿನಲ್ಲಿ ಕೇಳಿಕೊಳ್ಳಿ. ಇಲ್ಲಿಂದ ಅಲ್ಲಿಗೆ ಒಯ್ದ ಸೀಟನ್ನು ಅಲ್ಲಿನ ಕಾನೂನು ಒಪ್ಪುವುದಿಲ್ಲ.

ಬೆಳೆದಂತೆ ಹೊಂದಿಸುವುದು

‘ಬೆಳೆಯುವ ಸೀಟು’ ತಾನಾಗಿ ಬೆಳೆಯುವುದಿಲ್ಲ, ನೀವು ಹೊಂದಿಸಬೇಕು. ಹಿಮ್ಮುಖದಲ್ಲಿ ಭುಜದ ಪಟ್ಟಿ ಹೊರಬರುವ ಸೀಳು ಭುಜದ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಬೇಕು. ಮುಮ್ಮುಖದಲ್ಲಿ ಭುಜದ ಮಟ್ಟಕ್ಕೆ ಅಥವಾ ತುಸು ಮೇಲೆ. ಇದನ್ನು ಬದಲಿಸುವ ಬಗೆಯೇ ಎರಡು ಸೀಟುಗಳ ನಡುವಿನ ದೊಡ್ಡ ವ್ಯತ್ಯಾಸ. ಕೆಲವದರಲ್ಲಿ ತಲೆದಿಂಬು ಎತ್ತಿದರೆ ಪಟ್ಟಿಯೂ ಜೊತೆಗೇ ಏರುತ್ತದೆ. ಅಗ್ಗದವುಗಳಲ್ಲಿ ಸೀಟನ್ನು ಕಾರಿನಿಂದ ಬಿಚ್ಚಿ, ಹಿಂದೆ ಕಬ್ಬಿಣದ ತಟ್ಟೆಯಿಂದ ಎರಡೂ ಪಟ್ಟಿ ಕಳಚಿ, ಮುಂದಿನಿಂದ ಎಳೆದು, ಮೇಲಿನ ಸೀಳಿನಲ್ಲಿ ತೂರಿಸಿ ಮತ್ತೆ ತಟ್ಟೆಗೆ ಸಿಕ್ಕಿಸಬೇಕು. ಇಲ್ಲಿ ಆಗುವ ತಪ್ಪು ಮೂರು: ಪಟ್ಟಿ ಒಳಗೆ ತಿರುಚಿಕೊಳ್ಳುವುದು, ಒಂದು ಭುಜದ್ದು ಮೇಲಿನ ಸೀಳಿನಲ್ಲಿ ಇನ್ನೊಂದು ಕೆಳಗಿನದರಲ್ಲಿ ಉಳಿಯುವುದು, ತಟ್ಟೆಯ ಕೊಕ್ಕೆಗೆ ಕುಣಿಕೆ ಅರ್ಧ ಮಾತ್ರ ಸಿಕ್ಕುವುದು. ಕಷ್ಟದ ಕೆಲಸವಾದ್ದರಿಂದ ಮುಂದೂಡುತ್ತಾ ಹೋಗುತ್ತಾರೆ, ಮಗು ತಿಂಗಳುಗಟ್ಟಲೆ ತಪ್ಪು ಎತ್ತರದಲ್ಲಿ ಕೂರುತ್ತದೆ. ಹತ್ತು ವರ್ಷ ಬಳಸುವ ಸೀಟಿಗೆ ಸ್ವಲ್ಪ ಹೆಚ್ಚು ಕೊಟ್ಟು ತಲೆದಿಂಬಿನ ಜೊತೆ ಏರುವ ಪಟ್ಟಿಯನ್ನೇ ಕೊಳ್ಳಿ. ಖರ್ಚು ಉಳಿಸುವುದಾದರೆ ಬಟ್ಟೆಯ ಅಂದದಲ್ಲಿ, ಕಪ್ ಹೋಲ್ಡರಿನಲ್ಲಿ ಉಳಿಸಿ.

ಪಟ್ಟಿ ಬಿಗಿದ ಮೇಲೆ ಭುಜದ ಬಳಿ ಎರಡು ಬೆರಳಿನಿಂದ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಎಳೆಯಬೇಕು. ಕೊಡಗಿನ ಡಿಸೆಂಬರಿನಲ್ಲಿ ದಪ್ಪ ಸ್ವೆಟರ್ ಹಾಕಿ ಬಿಗಿದರೆ ಡಿಕ್ಕಿಯಲ್ಲಿ ಉಣ್ಣೆ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಸ್ವೆಟರ್ ತೆಗೆದು ಬಿಗಿದು, ಮೇಲೆ ಹೊದಿಕೆ ಹೊದಿಸಿ. ಬೇಸಿಗೆಯಲ್ಲಿ ಬಕಲ್‌ನ ಲೋಹ ಮುಟ್ಟಿ ನೋಡಿಯೇ ಕೂರಿಸಿ. ಘಾಟಿಯಲ್ಲಿ ವಾಂತಿಯಾದರೆ ಕವರನ್ನು ಬಿಚ್ಚಿ ಒಗೆಯಬಹುದು, ಪಟ್ಟಿಯನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ. ಸೋಪಿನ ಪುಡಿಯಲ್ಲಿ ನೆನೆಹಾಕಿದರೆ ನೇಯ್ಗೆಯ ಬಲ ಕುಂದುತ್ತದೆ. ಹೊರಗಿನಿಂದ ಕೊಂಡ ದಿಂಬು, ಪಟ್ಟಿಯ ಕವರು ಯಾವುದೂ ಬೇಡ.

ಬೂಸ್ಟರ್, ಮತ್ತು ಅದರಿಂದ ಆಚೆ

ಹಾರ್ನೆಸ್‌ನ ತೂಕ ಮಿತಿ ಮುಗಿಯುವವರೆಗೆ ಬೂಸ್ಟರ್‌ಗೆ ಆತುರ ಬೇಡ. 15 ಕೆಜಿ ಎನ್ನುವುದು ಬೂಸ್ಟರ್‌ನ ಕನಿಷ್ಠ ಮಿತಿ, ಬದಲಿಸಬೇಕಾದ ಗಡುವಲ್ಲ. ನಿದ್ದೆಯಲ್ಲಿ ಪಕ್ಕಕ್ಕೆ ಜಾರುವ, ಬೆಲ್ಟನ್ನು ಕಂಕುಳ ಕೆಳಗೆ ಹಾಕಿಕೊಳ್ಳುವ ಮಗು ಇನ್ನೂ ಸಿದ್ಧವಾಗಿಲ್ಲ. ಬೆನ್ನಿಲ್ಲದ ಬೂಸ್ಟರ್ ಅಗ್ಗ ಮತ್ತು ಹಗುರ, ಆದರೆ ಶಿರಾಡಿಯ ತಿರುವುಗಳಲ್ಲಿ ನಿದ್ದೆಹೋದ ಮಗುವನ್ನು ಬೆಲ್ಟಿನೊಳಗೆ ಉಳಿಸಿಕೊಳ್ಳಲು ಅದಕ್ಕೆ ಏನೂ ಇಲ್ಲ. 2017ರಿಂದ ಹೊಸದಾಗಿ ಒಪ್ಪಿಗೆ ಪಡೆಯುವ ಬೆನ್ನಿಲ್ಲದ ಬೂಸ್ಟರ್‌ಗಳು 125 ಸೆಂ.ಮೀ. ಮೇಲಿನ ಮಕ್ಕಳಿಗಷ್ಟೇ. ಅದಕ್ಕಿಂತ ಚಿಕ್ಕವರಿಗೆ ಬೆನ್ನೂ ತಲೆಯ ಎರಡೂ ಬದಿಗೆ ರೆಕ್ಕೆಯೂ ಇರುವುದನ್ನೇ ಕೊಳ್ಳಿ. ಖಾಲಿ ಇದ್ದಾಗಲೂ ಬೂಸ್ಟರಿಗೆ ಬೆಲ್ಟು ಹಾಕಿಡಿ, ಇಲ್ಲದಿದ್ದರೆ ಬ್ರೇಕ್ ಹೊಡೆದಾಗ ಅದು ಹಾರಿ ಬರುತ್ತದೆ.

ಬೂಸ್ಟರ್ ಬಿಡುವ ಸಮಯಕ್ಕೆ ವಯಸ್ಸು ಅಳತೆಯಲ್ಲ. ಮಗುವನ್ನು ನೇರ ಕಾರಿನ ಸೀಟಿನಲ್ಲಿ ಕೂರಿಸಿ ನೋಡಿ. ಬೆನ್ನು ಪೂರ್ತಿ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು. ಕೆಳಗಿನ ಪಟ್ಟಿ ತೊಡೆಯ ಬುಡಕ್ಕೆ, ಮೇಲಿನದು ಭುಜದ ನಡುವೆ ಬರಬೇಕು. ಅರ್ಧ ದಾರಿಯಲ್ಲಿ ಕೆಳಗೆ ಜಾರದೆ ಪ್ರಯಾಣದ ಉದ್ದಕ್ಕೂ ಹಾಗೇ ಕೂರಬೇಕು. ಬಹುಪಾಲು ಮಕ್ಕಳಿಗೆ ಇದು 145 ಸೆಂ.ಮೀ. ಆಸುಪಾಸಿನಲ್ಲಿ ಕೂಡಿಬರುತ್ತದೆ. ಒಂದು ಕಾರಿನಲ್ಲಿ ಹೊಂದಿದ ಮಗುವಿಗೆ ಅಜ್ಜನ ಕಾರಿನಲ್ಲಿ ಇನ್ನೂ ಬೂಸ್ಟರ್ ಬೇಕಾಗಬಹುದು, ಸೀಟಿನ ಆಳ ಬೇರೆ ಇರುತ್ತದೆ.

ಹಳೆಯ ಸೀಟನ್ನು ಕೊಡುವುದಿದ್ದರೆ, ಪಡೆಯುವುದಿದ್ದರೆ, ಗೊತ್ತಿರುವವರ ನಡುವೆ ಮಾತ್ರ: ತಯಾರಿಕೆಯ ದಿನಾಂಕ, ಕೈಪಿಡಿ, ಎಲ್ಲ ಭಾಗಗಳು ಇರಬೇಕು, ಮತ್ತು ಅದು ಅಪಘಾತ ಕಂಡಿರಬಾರದು. ಜೋರಾದ ಡಿಕ್ಕಿ ತಿಂದ ಸೀಟು ಹೊರಗಿನಿಂದ ಸರಿಯಾಗಿ ಕಂಡರೂ ಒಳಗಿನ ಬಿರುಕು ಕಾಣುವುದಿಲ್ಲ. ಅಂಥದ್ದನ್ನು ಗುಜರಿಗೆ ಹಾಕುವ ಮೊದಲು ಪಟ್ಟಿಗಳನ್ನು ಕತ್ತರಿಸಿ, ಇನ್ಯಾರೂ ಎತ್ತಿಕೊಂಡು ಹೋಗಿ ಬಳಸದಂತೆ ಮಾಡಿ.